ಹಿತ್ತಲ ಟೊಮೆಟೊ: ಹೂವಿನ ಕಾಲ ನೋಡಿ ನಾಟಿಯ ದಿನ ಗೊತ್ತುಮಾಡುವುದು

ಟೊಮೆಟೊ ಬೀಜವನ್ನು ವರ್ಷದ ಯಾವ ತಿಂಗಳಲ್ಲಿ ಬಿತ್ತಿದರೂ ಮೊಳೆಯುತ್ತದೆ, ಗಿಡವೂ ಸೊಂಪಾಗಿ ಏಳುತ್ತದೆ. ಕಾಯಿ ಕಚ್ಚುವುದು ಮಾತ್ರ ಹೂ ಬಿಡುವ ವಾರಗಳ ಹವೆಯನ್ನು ಅವಲಂಬಿಸಿದೆ. ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್, ಹಗಲಿನದು 30ರ ಒಳಗೆ ಇದ್ದರೆ ಕಾಯಿ ಚೆನ್ನಾಗಿ ನಿಲ್ಲುತ್ತದೆ. ಹಗಲು 35 ದಾಟುತ್ತಿದ್ದರೆ ಪರಾಗ ಸತ್ವ ಕಳೆದುಕೊಂಡು, ಹೂವು ತೊಟ್ಟಿನ ನಡುವಿನ ಗಂಟಿನಲ್ಲಿ ಹಳದಿಯಾಗಿ ಅಲ್ಲಿಯೇ ಕಳಚಿ ಬೀಳುತ್ತದೆ. ಇದಕ್ಕೆ ಗೊಬ್ಬರ ಮದ್ದಲ್ಲ.

ಆದ್ದರಿಂದ ಲೆಕ್ಕವನ್ನು ಹೂವಿನಿಂದ ಹಿಂದಕ್ಕೆ ಹಾಕಬೇಕು. ಬಿತ್ತಿದ 25ರಿಂದ 30 ದಿನಕ್ಕೆ ಸಸಿ ನಾಟಿಗೆ ಬರುತ್ತದೆ, ಅಲ್ಲಿಂದ ಸುಮಾರು ಒಂದು ತಿಂಗಳಿಗೆ ಹೂ ಕಾಣುತ್ತದೆ, ನಾಟಿಯಾದ 60ರಿಂದ 75 ದಿನಗಳಲ್ಲಿ ಮೊದಲ ಹಣ್ಣು ಸಿಗುತ್ತದೆ.

ಬೆಂಗಳೂರು, ಕೋಲಾರ, ತುಮಕೂರು, ಮೈಸೂರುಗಳ ಹಿತ್ತಲಿಗೆ ಡಿಸೆಂಬರಿನ ಹೂವು ಅತ್ಯುತ್ತಮ. ಅದಕ್ಕಾಗಿ ಸೆಪ್ಟೆಂಬರ್ ಕೊನೆಯಲ್ಲಿ ಸೂರಿನಡಿಯ ಟ್ರೇಯಲ್ಲಿ ಬಿತ್ತಿ, ಚಿತ್ತಾ ಮಳೆ ಮುಗಿದು ಸ್ವಾತಿ ಹಿಡಿಯುವ ಅಕ್ಟೋಬರ್ ಕೊನೆಯ ವಾರದಲ್ಲಿ ನಾಟಿ ಮಾಡುವುದು ಸರಿ. ಮೇ ಕೊನೆಯಲ್ಲಿ ಬಿತ್ತಿ ಜೂನ್ ಕೊನೆಗೆ ನೆಡುವುದೂ ಉಂಟು. ಆದರೆ ಆ ಬೆಳೆಯ ಹಣ್ಣು ಸೆಪ್ಟೆಂಬರಿನ ಜೋರು ಮಳೆಗೆ ಸಿಕ್ಕಿ ಬಿರಿಯುತ್ತದೆ, ಎಲೆಗೆ ಅಂಗಮಾರಿಯೂ ಬರುತ್ತದೆ. ಫೆಬ್ರುವರಿಯ ನಾಟಿಯನ್ನು ಹೊಸಬರು ಕೈಬಿಡುವುದೇ ಮೇಲು: ಬಿಸಿಲಿನೊಂದಿಗೆ ಬಿಳಿನೊಣ ಹೆಚ್ಚಿ, ಅದು ಹರಡುವ ಎಲೆ ಮುಟುರು ರೋಗ ಎಳೆಯ ಗಿಡವನ್ನೇ ಕುಗ್ಗಿಸಿಬಿಡುತ್ತದೆ.

ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆ ಬೇಗ ಕಾಯುವುದರಿಂದ ನಾಟಿಯನ್ನು ಅಕ್ಟೋಬರ್ ಮೊದಲಿಗೇ ಮುಗಿಸಿದರೆ ಫೆಬ್ರುವರಿಯೊಳಗೆ ಹೆಚ್ಚಿನ ಕೊಯ್ಲು ಕೈಸೇರುತ್ತದೆ.

ಕರಾವಳಿ ಮತ್ತು ಮಲೆನಾಡಿನ ಸಮಸ್ಯೆ ಬೇರೆಯೇ. ಅಲ್ಲಿ ಮಳೆ ಬಿಡುವವರೆಗೆ ಕಾದು ನವೆಂಬರಿನಲ್ಲಿ ನೆಟ್ಟರೂ, ಹುಳಿ ಮಣ್ಣಿನಲ್ಲಿ ಅಡಗಿರುವ ದುಂಡಾಣು ಸೊರಗು ರೋಗ ಹಸಿರು ಗಿಡವನ್ನು ಒಂದೆರಡು ದಿನಗಳಲ್ಲಿ ಬಾಡಿಸಬಲ್ಲದು. ಬಾಡಿದ ಗಿಡದ ಬುಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಹಾಕಿದಾಗ ಹಾಲಿನಂತಹ ಎಳೆ ಕೆಳಗಿಳಿದರೆ ಅದೇ ರೋಗವೆಂದು ತಿಳಿದು, ಮುಂದೆ ಆ ಜಾಗದಲ್ಲಿ ಟೊಮೆಟೊ, ಬದನೆ, ಮೆಣಸಿನ ಗಿಡಗಳನ್ನು ನೆಡದಿರುವುದು ಕ್ಷೇಮ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿ ಈ ರೋಗವನ್ನೂ ಎಲೆ ಮುಟುರನ್ನೂ ತಡೆಯುವ ಗುಣವುಳ್ಳದ್ದು.

ತಿಂಗಳು ಗೊತ್ತಾದ ಮೇಲೆ ಬಿಸಿಲನ್ನೂ ನೋಡಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ, ಬೆಂಗಳೂರಿನಲ್ಲಿ ಡಿಸೆಂಬರ್ ನಡುಹಗಲಲ್ಲೂ 10 ಅಡಿ ಗೋಡೆಯ ನೆರಳು ಉತ್ತರಕ್ಕೆ 7 ಅಡಿಗೂ ಮೀರಿ ಚಾಚುತ್ತದೆ. ಜೂನಿನಲ್ಲಿ ಬಿಸಿಲು ಕಂಡ ಮೂಲೆಯನ್ನು ಆಗ ನಂಬುವಂತಿಲ್ಲ (ಅಪಾರ್ಟ್‌ಮೆಂಟಿನ ಉತ್ತರದ ಬಾಲ್ಕನಿಯವರು ಸೊಪ್ಪು ಬೆಳೆದುಕೊಳ್ಳುವುದು ಲೇಸು). ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು.

ನಾಲ್ಕೈದು ಎಲೆ ಬಂದ, ಗೇಣುದ್ದಕ್ಕಿಂತ ತುಸು ಗಿಡ್ಡವಾದ ಸಸಿಯನ್ನು ಸಂಜೆ ನೆಡಬೇಕು. ವಾಯುಭಾರ ಕುಸಿತದ ಮಳೆ ಬರುವ ಸೂಚನೆಯಿದ್ದರೆ ಒಂದು ವಾರ ಮುಂದೂಡಿದರೂ ನಷ್ಟವಿಲ್ಲ. ಆಗ ಕಾಂಡ ಉದ್ದವಾಗಿದ್ದರೆ ಕೆಳಗಿನ ಎಲೆ ಚಿವುಟಿ ಆಳವಾಗಿ ಹೂಳಬಹುದು, ಕಾಂಡದಿಂದಲೂ ಬೇರು ಬರುತ್ತದೆ. ಟ್ರೇಯಲ್ಲೇ ಮೊಗ್ಗು ಬಿಟ್ಟ ಸಸಿಯನ್ನು ಮಾತ್ರ ನರ್ಸರಿಯವರು ಅರ್ಧ ಬೆಲೆಗೆ ಕೊಟ್ಟರೂ ತರಬಾರದು.