ಪಟೇಲರ ಸೀರೀಸ್ ನೋಡುವುದಾದರೆ ಮುತ್ಯಾನನ್ನು ಪಕ್ಕ ಕೂರಿಸಿಕೊಳ್ಳಿ

ಪಟೇಲ್, ನೆಹರು, ಅಂಬೇಡ್ಕರ್, ಯಾರ ಜೀವನದ ಮೇಲೆ ಆರೇಳು ಕಂತಿನ ಸೀರೀಸ್ ಬಂದರೂ ನಾವು ಭಾನುವಾರ ಕೂತು ಒಂದೇ ಏಟಿಗೆ ಮುಗಿಸಿಬಿಡುತ್ತೇವೆ. ಮರುದಿನ ಅದರಲ್ಲಿ ಏನಿತ್ತು ಅಂದರೆ ತಲೆ ಕೆರೆದುಕೊಳ್ಳುವುದು. ದಿನಕ್ಕೆ ಒಂದೇ ಕಂತು ನೋಡಿ, ಅದೂ ಮನೆಯ ಹಿರಿಯರ ಜೊತೆ.

ನಮ್ಮದು ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆ. ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಈಗ 86. ಹಿಂದಿ ಅರ್ಥವಾಗುತ್ತೋ ಇಲ್ವೋ ಅಂದುಕೊಂಡಿದ್ದೆ, ಆದರೆ ಹೈದರಾಬಾದಿನ ನಿಜಾಮರ ಕಾಲದಲ್ಲಿ ಉರ್ದು ಶಾಲೆಗೆ ಹೋದವನಿಗೆ ಸಬ್‌ಟೈಟಲ್ ಯಾಕೆ ಬೇಕು, ನನಗೇ ಬೇಕಾಯಿತು.

ಶುರು ಮಾಡುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ಊರಿಗೆ ಸ್ವಾತಂತ್ರ್ಯ ಬಂದ ತಾರೀಖು ಬರೆದುಕೊಳ್ಳಿ. ಬಳ್ಳಾರಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಅವರಿಗೆ 1947ರ ಆಗಸ್ಟ್ 15 ಸರಿ. ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು. ನಮಗೆ ಅದು ಬಂದದ್ದು 13 ತಿಂಗಳು ತಡವಾಗಿ, 1948ರ ಸೆಪ್ಟೆಂಬರ್ 17ಕ್ಕೆ. ನಡುವೆ ಇದ್ದದ್ದು ಒಂದು ತುಂಗಭದ್ರಾ ಹೊಳೆ ಅಷ್ಟೇ! ಆದ್ದರಿಂದ ಮಧ್ಯರಾತ್ರಿ ದೆಹಲಿಯಲ್ಲಿ ಬಾವುಟ, ಭಾಷಣ ಎಲ್ಲ ತೋರಿಸುವಾಗ ವಿಡಿಯೋ ನಿಲ್ಲಿಸಿ, ಆ ದಿನ ನಮ್ಮೂರಲ್ಲಿ ಏನಿತ್ತು ಅಂತ ಕೇಳಿ.

ಹೈದರಾಬಾದನ್ನು ಭಾರತಕ್ಕೆ ಸೇರಿಸಿಕೊಂಡ ಭಾಗ ಬಂದಾಗಲೂ ಅಷ್ಟೇ. ಹೆಸರು ಪೊಲೀಸ್ ಕಾರ್ಯಾಚರಣೆ, ಬಂದದ್ದು ಸೈನ್ಯ. ಸೆಪ್ಟೆಂಬರ್ 13ಕ್ಕೆ ಶುರುವಾಗಿ ಐದು ದಿನದಲ್ಲಿ ಮುಗಿಯಿತು. ತೆರೆಯ ಮೇಲೆ ಒಂದು ನಕಾಶೆ, ನಾಲ್ಕು ಟ್ಯಾಂಕು, ಪಟೇಲರ ಗಂಭೀರ ಮುಖ, ಹತ್ತು ನಿಮಿಷದಲ್ಲಿ ಕಥೆ ಮುಂದೆ ಹೋಗುತ್ತದೆ. ನಿಜಾಮರ ವಿರುದ್ಧ ಹೋರಾಡಿದವರ ಮುಂಡರಗಿ ಶಿಬಿರ, ಅದರ ಮುಂದಾಳು ಆಳವಂಡಿ ಶಿವಮೂರ್ತಿ ಸ್ವಾಮಿ, ನಿಜಾಮರ ಪರ ನಿಂತ ರಜಾಕಾರರ ಪಡೆಯ ಹೆದರಿಕೆಗೆ ಊರು ಬಿಟ್ಟವರು, ಇವೆಲ್ಲ ಅಲ್ಲಿ ಸಿಗುವುದು ಕಷ್ಟ. ಅದನ್ನು ಮನೆಯಲ್ಲೇ ಕೇಳಬೇಕು.

ಕೇಳುವಾಗ "ಆಗ ನಿಮಗೆ ಹೇಗನ್ನಿಸಿತು" ಅಂತ ಟಿವಿಯವರ ಹಾಗೆ ಕೇಳಬೇಡಿ, ಸುಮ್ನೆ "ಚಲೋ ಇತ್ತು" ಅಂದುಬಿಡುತ್ತಾರೆ. ದುಡ್ಡಿನ ಬಗ್ಗೆ ಕೇಳಿ. ಹೊಳೆಯ ಈ ಕಡೆ ನಿಜಾಮರ ನಾಣ್ಯ ಹಾಲಿ ಸಿಕ್ಕಾ, ಆ ಕಡೆ ಬ್ರಿಟಿಷರ ರೂಪಾಯಿ ಕಲ್ದಾರ್. ಈ ಒಂದು ಪ್ರಶ್ನೆಗೆ ನಮ್ಮ ಮುತ್ಯಾ ಒಂದು ಗಂಟೆ ಮಾತಾಡಿದ, ಒಗ್ಗರಣೆ ಮಿರ್ಚಿ ತಣ್ಣಗಾಯಿತು.

ಇನ್ನು ನಿಜ ಯಾವುದು, ಕಟ್ಟಿದ್ದು ಯಾವುದು? ಮೊದಲ ಕಂತಿನ ಆರಂಭದಲ್ಲಿ ಸಣ್ಣ ಅಕ್ಷರದ ಸೂಚನೆ ಓಡಿಹೋಗುತ್ತದೆ, ಅದನ್ನು ನಿಲ್ಲಿಸಿ ಓದಿ, ಎಷ್ಟು ಬದಲಾಯಿಸಿದ್ದಾರೆ ಅನ್ನುವ ಅಂದಾಜು ಅಲ್ಲೇ ಸಿಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರೇ ಮಾತಾಡುತ್ತಿದ್ದರೆ ಆ ಮಾತು ಬಹುಪಾಲು ಸ್ಕ್ರಿಪ್ಟ್ ಬರೆದವರದ್ದು. ಸಂವಿಧಾನ ಸಭೆಯ ದೃಶ್ಯವಾದರೆ ಹಾಗಲ್ಲ, ಅಲ್ಲಿನ ಚರ್ಚೆಗಳು ಅಚ್ಚಾಗಿವೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. 1949ರ ನವೆಂಬರ್ 25ರ ಅಂಬೇಡ್ಕರ್ ಭಾಷಣ ತೆಗೆದು, ತೆರೆಯ ಮೇಲಿನ ಮಾತಿನ ಪಕ್ಕ ಇಟ್ಟು ನೋಡಿ. ಹಾಂ, ಹಿನ್ನೆಲೆ ಸಂಗೀತ ಜೋರಾದ ಕಡೆ ಸೌಂಡ್ ಪೂರ್ತಿ ತೆಗೆದು ಇನ್ನೊಮ್ಮೆ ನೋಡಿ. ಕಣ್ಣೀರು ಬರಿಸಿದ್ದು ನಾಯಕನೋ ಪಿಟೀಲೋ ಗೊತ್ತಾಗುತ್ತದೆ.

ಮೊಬೈಲಿನ ರೆಕಾರ್ಡರ್ ಮೊದಲೇ ಆನ್ ಮಾಡಿಡಿ. ನಾನು ಮರೆತಿದ್ದೆ. ಮರುದಿನ ಅದೇ ಕಥೆ ಇನ್ನೊಮ್ಮೆ ಹೇಳು ಅಂದರೆ ಮುತ್ಯಾ ಅರ್ಧಕ್ಕೆ ನಿಲ್ಲಿಸಿ, "ನಿನ್ನೆ ಹೇಳೀನಲ್ಲ" ಅಂದ.