ನಾಲ್ಕು ಕೋರ್, ನಾಲ್ಕು ಟೈಮರ್: ಒಂದು ಪುಟ್ಟ ಕರ್ನಲ್‌ನೊಂದಿಗೆ ನನ್ನ ಅನುಭವ

ರಾಸ್ಪ್‌ಬೆರಿ ಪೈ 4 ಬೋರ್ಡ್‌ಗಾಗಿ ನಾನು ಬರೆಯುತ್ತಿದ್ದ ಸಣ್ಣ ರಿಯಲ್-ಟೈಮ್ ಕರ್ನಲ್ (ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ, ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಪ್ರೊಸೆಸರ್‌ನ ಒಂದೇ ಕೋರ್‌ನ ಮೇಲೆ ತಿಂಗಳುಗಟ್ಟಲೆ ತಕರಾರಿಲ್ಲದೆ ಓಡಿತ್ತು. ಉಳಿದ ಮೂರು ಕೋರ್‌ಗಳನ್ನು ಎಬ್ಬಿಸಿದ ದಿನ ಮಾತ್ರ ಕೋರ್ 0ಕ್ಕೆ ಮಿಲಿಸೆಕೆಂಡಿಗೊಂದರಂತೆ ಟಿಕ್ (ಕಾಲ ಸರಿದದ್ದನ್ನು ತಿಳಿಸುವ ಟೈಮರ್‌ನ ಸಂಕೇತ) ಬರುತ್ತಿತ್ತು, ಮಿಕ್ಕವಕ್ಕೆ ಒಂದೂ ಬರಲಿಲ್ಲ. ಆ ಕೋರ್‌ಗಳ ಟೈಮರ್ ಕಂಟ್ರೋಲ್ ರಿಜಿಸ್ಟರನ್ನು (ಹಾರ್ಡ್‌ವೇರ್‌ನೊಳಗಿನ ಪುಟ್ಟ ನೆನಪಿನ ಕೋಶವನ್ನು) ಓದಿ ನೋಡಿದರೆ, ಅವಧಿ ಮುಗಿದಿದೆ ಎಂದು ಹೇಳುವ ಬಿಟ್‌ನ ಬೆಲೆ 1 ಆಗಿಯೇ ಇತ್ತು. ಟೈಮರ್ ಕೂಗುತ್ತಲೇ ಇದೆ, ಕೋರ್‌ಗೆ ಕೇಳಿಸುತ್ತಿಲ್ಲ ಎಂದಾಯಿತು.

ಈ ಬೋರ್ಡ್‌ನಲ್ಲಿರುವುದು ನಾಲ್ಕು ಕಾರ್ಟೆಕ್ಸ್-ಎ72 ಕೋರ್‌ಗಳು. ಒಂದೊಂದಕ್ಕೂ ಅದರದೇ ಟೈಮರ್ ಇದೆ, ಆದರೆ ನಾಲ್ಕೂ ನೋಡುವುದು ಸೆಕೆಂಡಿಗೆ 5.4 ಕೋಟಿ ಎಣಿಸುವ ಒಂದೇ ಸಿಸ್ಟಮ್ ಕೌಂಟರನ್ನು. ಹಾಗಾಗಿ ಒಂದು ಮಿಲಿಸೆಕೆಂಡ್ ಎಂದರೆ 54,000 ಎಣಿಕೆ. ಇಂಟರಪ್ಟ್‌ಗಳನ್ನು, ಅಂದರೆ ಕೋರ್‌ನ ಕೆಲಸವನ್ನು ತಡೆದು ಗಮನ ಸೆಳೆಯುವ ಸಂಕೇತಗಳನ್ನು, ತಲುಪಿಸುವ ಜಿಐಸಿ-400 ಕಂಟ್ರೋಲರ್‌ನಲ್ಲಿ 0ರಿಂದ 15ರವರೆಗಿನ ಸಂಖ್ಯೆಗಳು ಕೋರ್‌ಗಳು ತಮ್ಮತಮ್ಮೊಳಗೆ ಕಳಿಸಿಕೊಳ್ಳುವ ಇಂಟರಪ್ಟ್‌ಗಳಿಗೆ, 16ರಿಂದ 31ರವರೆಗಿನವು ಆಯಾ ಕೋರ್‌ನ ಖಾಸಗಿ ಸಾಧನಗಳಿಗೆ, 32ರಿಂದ ಮುಂದಿನವು ಎಲ್ಲರಿಗೂ ಸೇರಿದ ಸಾಧನಗಳಿಗೆ ಮೀಸಲು. ನಾನು ಬಳಸಿದ ಟೈಮರ್‌ನ ಸಂಖ್ಯೆ ನಾಲ್ಕೂ ಕೋರ್‌ಗಳಲ್ಲಿ 30. ನಾನು ಎಡವಿದ್ದು ಇಲ್ಲಿಯೇ: ಮೊದಲ 32 ಇಂಟರಪ್ಟ್‌ಗಳನ್ನು ಸಕ್ರಿಯಗೊಳಿಸುವ ರಿಜಿಸ್ಟರ್‌ಗೆ ವಿಳಾಸ ಒಂದೇ ಆದರೂ ಒಳಗೆ ಪ್ರತಿ ಕೋರ್‌ಗೂ ಬೇರೆಯದೇ ಪ್ರತಿ ಇರುತ್ತದೆ, ಮತ್ತು ಬರೆದ ಕೋರ್‌ನ ಪ್ರತಿಯಷ್ಟೇ ಬದಲಾಗುತ್ತದೆ. ಕೋರ್ 0 ಎಲ್ಲರ ಪರವಾಗಿ ಬಿಟ್ 30ನ್ನು ಹೊತ್ತಿಸಿದೆನೆಂದುಕೊಂಡು ತನ್ನದನ್ನು ಮಾತ್ರ ಹೊತ್ತಿಸಿಕೊಂಡಿತ್ತು. ಆದ್ಯತೆಯ ಮಿತಿಯನ್ನು ಹೇಳುವ ರಿಜಿಸ್ಟರ್ ಮತ್ತು ಜಿಐಸಿಯಿಂದ ಕೋರ್‌ಗೆ ಇಂಟರಪ್ಟ್ ದಾಟಿಸುವ ಸಿಪಿಯು ಇಂಟರ್‌ಫೇಸ್‌ನ ಸ್ವಿಚ್ ಕೂಡ ಹೀಗೆಯೇ ಕೋರ್‌ಗೊಂದು. ಇವೆಲ್ಲವನ್ನೂ ಒಂದು ಫಂಕ್ಷನ್‌ಗೆ ಸೇರಿಸಿ, ಪ್ರತಿ ಕೋರ್ ಎದ್ದ ಕೂಡಲೇ ಅದನ್ನು ತಾನೇ ಕರೆಯುವಂತೆ ಬದಲಿಸಿದ ಮೇಲೆ ನಾಲ್ಕರಲ್ಲೂ ಟಿಕ್ ಬಂತು.

ಬಂದ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಸೆಕೆಂಡಿಗೊಮ್ಮೆ ಮಿನುಗಬೇಕಿದ್ದ ಎಲ್‌ಇಡಿ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ, ಅದೂ ಒಂದೇ ಲಯವಿಲ್ಲದೆ ಮಿನುಗತೊಡಗಿತು. ಒಂದೇ ಟಿಕ್ ಹ್ಯಾಂಡ್ಲರ್ (ಟಿಕ್ ಬಂದಾಗ ಓಡುವ ಕೋಡ್) ನಾಲ್ಕೂ ಕಡೆ ಓಡುತ್ತಿದ್ದುದರಿಂದ ವ್ಯವಸ್ಥೆಯ ಕಾಲವನ್ನು ಎಣಿಸುವ ವೇರಿಯಬಲ್ ನಾಲ್ಕು ಸಲ ಏರುತ್ತಿತ್ತು. ಲಾಕ್ (ಒಂದು ಸಲಕ್ಕೆ ಒಂದೇ ಕೋರ್‌ಗೆ ಅವಕಾಶ ಕೊಡುವ ಬೀಗ) ಇಲ್ಲದ ಕಾರಣ ಎರಡು ಕೋರ್‌ಗಳು ಒಟ್ಟಿಗೆ ಏರಿಸಿದಾಗ ಒಂದು ಏರಿಕೆ ಕಳೆದೂ ಹೋಗುತ್ತಿತ್ತು. ಲಿನಕ್ಸ್ ಕೂಡ ಈ ಕೆಲಸವನ್ನು ಒಂದು ಸಿಪಿಯುವಿಗೆ ಮಾತ್ರ ವಹಿಸುತ್ತದೆ. ನಾನೂ ಕಾಲದ ಲೆಕ್ಕವನ್ನು ಕೋರ್ 0ಕ್ಕೆ ಒಪ್ಪಿಸಿ, ತನ್ನ ಟಾಸ್ಕ್‌ನ ಪಾಳಿ ಮತ್ತು ತನ್ನ ಪಟ್ಟಿಯಲ್ಲಿರುವ ಟೈಮ್‌ಔಟ್‌ಗಳನ್ನಷ್ಟೇ (ಕಾಯುವ ಗಡುವುಗಳನ್ನಷ್ಟೇ) ನೋಡಿಕೊಳ್ಳುವಂತೆ ಉಳಿದ ಕೋರ್‌ಗಳ ಹ್ಯಾಂಡ್ಲರನ್ನು ಇಳಿಸಿದೆ.

ಮುಂದಿನ ಟಿಕ್‌ಗೆ ಟೈಮರನ್ನು ಹೂಡಲು ಎರಡು ದಾರಿಗಳಿವೆ. ಟಿವಾಲ್ ರಿಜಿಸ್ಟರ್‌ಗೆ 54,000 ಬರೆದರೆ ಬರೆದ ಕ್ಷಣದಿಂದ ಎಣಿಕೆ ಶುರುವಾಗುತ್ತದೆ. ಸಿವಾಲ್ ರಿಜಿಸ್ಟರ್‌ಗಾದರೆ ಕೌಂಟರ್ ಎಷ್ಟು ತಲುಪಿದಾಗ ಎಬ್ಬಿಸಬೇಕೆಂಬ ಪೂರ್ಣ ಸಂಖ್ಯೆಯನ್ನೇ ಬರೆಯಬೇಕು. ಸುಲಭವೆಂದು ಮೊದಲನೆಯದನ್ನು ಹಿಡಿದಿದ್ದೆ. ಹ್ಯಾಂಡ್ಲರ್ ಆ ಸಾಲನ್ನು ಮುಟ್ಟುವಷ್ಟರಲ್ಲಿ ಪ್ರತಿ ಸಲ ಒಂದು ಮೈಕ್ರೋಸೆಕೆಂಡ್ ತಡವಾದರೂ ಸೆಕೆಂಡಿಗೆ ಒಂದು ಮಿಲಿಸೆಕೆಂಡ್, ದಿನಕ್ಕೆ 86 ಸೆಕೆಂಡ್ ಹಿಂದೆ ಬೀಳುತ್ತೇವೆ. ಈಗ ಹಳೆಯ ಸಿವಾಲ್‌ಗೇ 54,000 ಕೂಡಿಸಿ ಬರೆಯುತ್ತೇನೆ. ಈ ಬರಹ ಜಿಐಸಿಗೆ 'ಮುಗಿಯಿತು' ಎಂದು ತಿಳಿಸುವ ಮೊದಲೇ ಆಗಬೇಕು, ನಡುವೆ, ಹಿಂದಿನ ಬರಹ ಜಾರಿಯಾದ ಮೇಲಷ್ಟೇ ಕೋರ್ ಮುಂದೆ ಹೋಗುವಂತೆ ಮಾಡುವ ಒಂದು ಐಎಸ್‌ಬಿ ಸೂಚನೆಯೂ ಇರಬೇಕು; ಇಲ್ಲವಾದರೆ ಟೈಮರ್‌ನ ತಂತಿ ಇನ್ನೂ ಎತ್ತಿ ಹಿಡಿದೇ ಇರುವುದರಿಂದ ಅದೇ ಇಂಟರಪ್ಟ್ ಮತ್ತೆ ಬಂದು ಬಾಗಿಲು ತಟ್ಟುತ್ತದೆ.

ಕೂಡಿಸುವ ಕ್ರಮಕ್ಕೂ ಒಂದು ತೊಂದರೆಯಿದೆ. ಡಿಬಗರ್‌ನಲ್ಲಿ (ಪ್ರೋಗ್ರಾಮನ್ನು ನಿಲ್ಲಿಸಿ ಪರೀಕ್ಷಿಸುವ ಸಾಧನದಲ್ಲಿ) ಹತ್ತು ಸೆಕೆಂಡ್ ನಿಲ್ಲಿಸಿ ಮತ್ತೆ ಓಡಿಸಿದರೆ, ನನ್ನ ಬೋರ್ಡ್‌ನಲ್ಲಿ ಕೌಂಟರ್ ಅಷ್ಟು ಹೊತ್ತೂ ನಡೆದೇ ಇರುವುದರಿಂದ, 10,000 ಟಿಕ್‌ಗಳು ಸಾಲುಗಟ್ಟಿ ಮೇಲೆರಗಿ ಬೇರೆ ಯಾವ ಟಾಸ್ಕ್‌ಗೂ ಎಡೆ ಸಿಗುತ್ತಿರಲಿಲ್ಲ. ಆದ್ದರಿಂದ ಹ್ಯಾಂಡ್ಲರ್ ಈಗ ಕೌಂಟರನ್ನು ಓದಿ, ಎಷ್ಟು ಅವಧಿ ತಪ್ಪಿಹೋಗಿದೆ ಎಂದು ಭಾಗಿಸಿ ನೋಡಿ, ಅಷ್ಟನ್ನೂ ಒಮ್ಮೆಗೇ ದಾಟಿ ಮುಂದಿನ ಸರಿಯಾದ ಗಡಿಗೆ ಸಿವಾಲನ್ನು ಇಡುತ್ತದೆ. ತಪ್ಪಿದ ಸಂಖ್ಯೆಯನ್ನು ಲೆಕ್ಕಕ್ಕೆ ಸೇರಿಸುವವನು ಕೋರ್ 0 ಒಬ್ಬನೇ.

ನಾಲ್ಕೂ ಕೋರ್‌ಗಳು ಒಂದೇ ಕ್ಷಣದಲ್ಲಿ ಟಿಕ್ ಪಡೆದು, ಎಲ್ಲರಿಗೂ ಸೇರಿದ ಸಿದ್ಧಪಟ್ಟಿಯ (ಓಡಲು ಕಾದಿರುವ ಟಾಸ್ಕ್‌ಗಳ ಪಟ್ಟಿಯ) ಲಾಕ್‌ಗಾಗಿ ಮುಗಿಬೀಳುತ್ತಿದ್ದುದನ್ನು ತಪ್ಪಿಸಲು ಕೋರ್‌ನಿಂದ ಕೋರ್‌ಗೆ 13,500 ಎಣಿಕೆಯ, ಅಂದರೆ ಕಾಲು ಮಿಲಿಸೆಕೆಂಡಿನ ಅಂತರವಿಟ್ಟೆ. ಲಿನಕ್ಸ್‌ನ ಸ್ಕ್ಯೂ-ಟಿಕ್ ಆಯ್ಕೆಯ ಹಿಂದಿರುವುದೂ ಇದೇ ಉಪಾಯ.

ಕೆಲಸವಿಲ್ಲದ ಕೋರ್‌ಗೆ ಟಿಕ್ಕನ್ನೇ ನಿಲ್ಲಿಸುವ ಹಂತಕ್ಕೆ ಬಂದಾಗ ಕೊನೆಯ ಗಂಟು ಎದುರಾಯಿತು. ಕೋರ್ 1ರ ಟಾಸ್ಕ್ ಒಂದು, ಮಲಗಿರುವ ಕೋರ್ 3ರ ಪಟ್ಟಿಗೆ ಇನ್ನೂ ಬೇಗ ಮುಗಿಯುವ ಟೈಮ್‌ಔಟ್ ಸೇರಿಸಿದರೆ ಕೋರ್ 3ರ ಸಿವಾಲನ್ನು ಹಿಂದಕ್ಕೆ ತರಬೇಕು, ಆದರೆ ಅದು ಸಿಸ್ಟಮ್ ರಿಜಿಸ್ಟರ್ ಆದ್ದರಿಂದ ಹೊರಗಿನ ಕೋರ್ ಅದನ್ನು ಮುಟ್ಟಲು ಬರುವುದಿಲ್ಲ. ಕೋರ್ 1 ಲಾಕ್ ಹಿಡಿದು ಪಟ್ಟಿಗೆ ಸೇರಿಸಿ, ಲಾಕ್ ಬಿಟ್ಟು, ಕೋರ್ 3ಕ್ಕೆ ಇಂಟರಪ್ಟ್ 1ನ್ನು ಕಳಿಸುತ್ತದೆ. ಕೋರ್ 3 ಎಚ್ಚೆತ್ತು ಪಟ್ಟಿಯ ತಲೆಯನ್ನು ನೋಡಿ, ತನ್ನ ಸಿವಾಲನ್ನು ತಾನೇ ಬರೆದುಕೊಂಡು ಮತ್ತೆ ಮಲಗುತ್ತದೆ.