3400ಕ್ಕಿಂತ 3000 ಸೆಲ್ಲೇ ಜಾಸ್ತಿ ಹೊತ್ತು ಉರಿಯಿತು: ಪವರ್ ಟಾರ್ಚ್‌ನಲ್ಲಿ ನನ್ನ ಅನುಭವ

ಟರ್ಬೋದಲ್ಲಿ, ಅಂದರೆ ಟಾರ್ಚಿನ ಅತಿ ಜಾಸ್ತಿ ಬೆಳಕಿನ ಮೋಡ್‌ನಲ್ಲಿ, 3400 ಎಂಎಎಚ್ ಸೆಲ್‌ಗಿಂತ 3000ದ ಸೆಲ್ಲೇ ಜಾಸ್ತಿ ಹೊತ್ತು ಬರುತ್ತದೆ ಅಂದಾಗ ಟಾರ್ಚ್ ಬಿಚ್ಚಿ ಜೋಡಿಸುವ ಗೆಳೆಯರೆಲ್ಲ ನಕ್ಕಿದ್ದರು. ಈಗ ಅವರೇ ಯಾವ ಸೆಲ್ ತಗೊಳ್ಳಲಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ. ಅಂಕಿಗಳೆಲ್ಲ ನೆನಪಿನವು, ಸ್ವಲ್ಪ ಆಚೀಚೆ ಇರಬಹುದು.

ನನ್ನದು ಒಂದೇ 18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್) ಹಿಡಿಯುವ ಟಾರ್ಚ್. ಎಕ್ಸ್‌ಎಚ್‌ಪಿ70.2 ಎಲ್‌ಇಡಿ, ಬೂಸ್ಟ್ ಡ್ರೈವರ್ (ಸೆಲ್ಲಿನ ವೋಲ್ಟೇಜನ್ನು ಏರಿಸಿ ಎಲ್‌ಇಡಿಗೆ ಕೊಡುವ ಸರ್ಕ್ಯೂಟ್). ಎಲ್‌ಇಡಿಗೆ 6 ವೋಲ್ಟ್ ಚಿಲ್ಲರೆ, ನಾಲ್ಕೂವರೆ ಆಂಪ್ ಹೋಗುತ್ತದೆ. ಡ್ರೈವರ್ ತಾನೇ ತಿನ್ನುವುದನ್ನೂ ಸೇರಿಸಿದರೆ ಸೆಲ್‌ನಿಂದ ಹೊರಡುವುದು 31 ವ್ಯಾಟ್ ಹತ್ತಿರ. ಸೆಲ್ ತುಂಬಿದ್ದಾಗ ಸುಮಾರು 8 ಆಂಪ್, ಕೊನೆಕೊನೆಗೆ 10 ಆಂಪ್. ಬೂಸ್ಟ್‌ನ ಗುಣವೇ ಅದು. ವೋಲ್ಟೇಜ್ ಕುಸಿದಷ್ಟೂ ಜಾಸ್ತಿ ಎಳೆಯುತ್ತದೆ, ಎಳೆದಷ್ಟೂ ಇನ್ನಷ್ಟು ಕುಸಿಯುತ್ತದೆ.

ಮೊದಲು ದುಡ್ಡು ಹೋದ ಕತೆ. ಟಾರ್ಚ್ ಜೊತೆ ಸೆಟ್ಟಾಗಿ ಬಂದದ್ದು 9900 ಎಂಎಎಚ್ ಅಂತ ಬರೆದ ಸೆಲ್. 18650ರಲ್ಲಿ ಅಷ್ಟು ತುಂಬುವುದೇ ಇಲ್ಲ ಅಂತ ನಿಮಗೂ ಗೊತ್ತು. ಅದು ಟರ್ಬೋಗೆ ಹೋದ ತಕ್ಷಣ ಮಿಣುಕಿ ಆರಿಹೋಯಿತು. ಆಮೇಲೆ ಪ್ರೊಟೆಕ್ಷನ್ ಇರುವ 3400 ತರಿಸಿದೆ. ಅದರ ಬುಡದ ಸರ್ಕ್ಯೂಟ್ ಅಷ್ಟು ಆಂಪ್ ನೋಡಿದ್ದೇ ಕಟ್ ಮಾಡುತ್ತಿತ್ತು. ಪ್ರೊಟೆಕ್ಷನ್ ಇಲ್ಲದ 3400 ಸ್ವಲ್ಪ ಹೊತ್ತು ಬಂತು, ಆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಕೊನೆಗೆ ಅರ್ಧ ಬೆಲೆಗೆ ಸಿಕ್ಕ "ಒರಿಜಿನಲ್ 30ಕ್ಯೂ" ಜೋಡಿ (30ಕ್ಯೂ ಅಂದರೆ ಸ್ಯಾಮ್‌ಸಂಗ್‌ನ 3000 ಎಂಎಎಚ್ ಸೆಲ್). ತೂಗಿದರೆ 38 ಗ್ರಾಂ! ಒಳ್ಳೆಯ 18650 ಒಂದು 45ರಿಂದ 49 ಗ್ರಾಂ ತೂಗಬೇಕು, ಅಲ್ವಾ? ಇವಕ್ಕೆಲ್ಲ ಸುರಿದ ದುಡ್ಡಿಗೆ ನಾಲ್ಕು ಅಸಲಿ ಸೆಲ್ಲು, ಮೇಲೊಂದು ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಸಿಕ್ಕಿಸಿ ಕರೆಂಟ್ ಅಳೆಯುವಂಥದ್ದು) ಬರುತ್ತಿತ್ತು.

ಆ ಕ್ಲ್ಯಾಂಪ್ ಮೀಟರನ್ನು ಆಮೇಲಾದರೂ ತಗೊಂಡೆ. ಡಿಸಿ ಅಳೆಯುವಂಥದ್ದೇ ಬೇಕು, ಬರೀ ಎಸಿಯದು ಇಲ್ಲಿ ಸುಮ್ನೆ ದಂಡ. ಹಿಂದಿನ ಮುಚ್ಚಳ ತೆಗೆದು, ದಪ್ಪ ತಾಮ್ರದ ತಂತಿಯಿಂದ ಸೆಲ್ಲಿನ ಮೈನಸ್ಸಿಗೂ ಟ್ಯೂಬಿನ ಅಂಚಿಗೂ ಲೂಪ್ ಹಾಕಿ, ಕ್ಲ್ಯಾಂಪ್ ಅದಕ್ಕೆ ಸಿಕ್ಕಿಸಿದರೆ ಆಯಿತು. ಪ್ರತಿ ಸಲ ಝೀರೋ ಒತ್ತಿಕೊಳ್ಳಿ. ಮಲ್ಟಿಮೀಟರಿನ 10 ಆಂಪ್ ಜಾಗದಲ್ಲಿ ಅಳೆದು ವಾದಕ್ಕೆ ಬರುವವರ ಜೊತೆ ನಾನು ಮಾತೇ ಆಡುವುದಿಲ್ಲ. ಆ ಸಪೂರ ವೈರು, ಒಳಗಿನ ಫ್ಯೂಸ್ ಸೇರಿ ತಾವೇ ಒಂದಷ್ಟು ವೋಲ್ಟೇಜ್ ನುಂಗುತ್ತವೆ. ಎಫ್‌ಇಟಿ ಡ್ರೈವರ್ (ಸೆಲ್ಲನ್ನು ಹೆಚ್ಚುಕಡಿಮೆ ನೇರವಾಗಿ ಎಲ್‌ಇಡಿಗೆ ಸೇರಿಸುವಂಥದ್ದು) ಇರುವ ಟಾರ್ಚ್‌ನಲ್ಲಿ ಇದರಿಂದ ಆಂಪ್ ಕಡಿಮೆ ತೋರಿಸುತ್ತದೆ. ಬೂಸ್ಟ್‌ನಲ್ಲಿ ಉಲ್ಟಾ, ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ನಮ್ಮ ಅರ್ಧ ಜಗಳ ಹುಟ್ಟಿದ್ದೇ ಇಲ್ಲಿಂದ.

ಇನ್ನು ಅಸಲು ಪರೀಕ್ಷೆ. ಟಾರ್ಚಿನ ತಲೆಗೆ ಒದ್ದೆ ಬಟ್ಟೆ ಸುತ್ತಿ, ಎದುರಿಗೆ ಫ್ಯಾನ್ ಇಟ್ಟೆ. ಇಲ್ಲದಿದ್ದರೆ ಬಿಸಿಗೆ ಡ್ರೈವರ್ ಇಳಿದುಬಿಡುತ್ತದೆ. ಬೂಸ್ಟ್ ಆದ್ದರಿಂದ ಯಾವ ಸೆಲ್ ಹಾಕಿದರೂ ಬೆಳಕು ಒಂದೇ. 3400 ಹತ್ತು ಹನ್ನೊಂದು ನಿಮಿಷಕ್ಕೆ ಲೋ ವೋಲ್ಟೇಜ್ ಕಟ್ ಆಯಿತು. ಅಸಲಿ ಸ್ಯಾಮ್‌ಸಂಗ್ 30ಕ್ಯೂ ಹದಿನೈದು ನಿಮಿಷ ಬಂತು. ಆದರೆ ನನಗೆ ಗುಟ್ಟು ಹೇಳಿದ್ದು ಗಡಿಯಾರವಲ್ಲ, ಚಾರ್ಜರ್. ಕಟ್ ಆದ ಸೆಲ್ಲನ್ನು ಚಾರ್ಜಿಗಿಟ್ಟು ಎಷ್ಟು ವಾಪಸ್ ತುಂಬಿತು ಅಂತ ನೋಡಿದೆ. 3400ಕ್ಕೆ ಹೋದದ್ದು 1700 ಚಿಲ್ಲರೆ ಅಷ್ಟೇ! ಅಂದರೆ ಅರ್ಧ ಹಾಗೇ ಒಳಗೆ ಕೂತಿತ್ತು. 30ಕ್ಯೂಗೆ 2300 ಹೋಯಿತು. ನನ್ನ ಲೆಕ್ಕದಲ್ಲಿ 3400ರ ಒಳ ರೆಸಿಸ್ಟೆನ್ಸ್ 50 ಮಿಲಿಓಮ್ ಹತ್ತಿರ. 10 ಆಂಪ್ ಎಳೆದರೆ ಅರ್ಧ ವೋಲ್ಟ್ ಅಲ್ಲೇ ಹೋಯಿತು. 30ಕ್ಯೂದು ಅದರ ಅರ್ಧಕ್ಕೂ ಕಡಿಮೆ, ಡೇಟಾಶೀಟ್ ಪ್ರಕಾರವೇ 15 ಆಂಪ್ ಕೊಡುವ ಸೆಲ್ ಅದು.

ಹಾಗಾದರೆ 30ಕ್ಯೂನಲ್ಲೂ ಯಾಕೆ 700 ಉಳಿಯಿತು? ಇದಕ್ಕೆ ಬಹಳ ದಿನ ತಲೆ ಕೆಡಿಸಿಕೊಂಡೆ. ಟಾರ್ಚ್ ಉರಿಯುವಾಗಲೇ ಸ್ಪ್ರಿಂಗಿನ ಎರಡು ತುದಿಗೆ ಮಿಲಿವೋಲ್ಟ್ ಹಿಡಿದು ನೋಡಿದೆ. ಹಿಂದಿನ ಸ್ಪ್ರಿಂಗ್ ಒಂದರಲ್ಲೇ 200 ಹತ್ತಿರ. ಮುಂದಿನದೂ ಸೇರಿದರೆ 350. ಮೂರು ಮೂರೂವರೆ ವ್ಯಾಟ್ ಬರೀ ಸ್ಪ್ರಿಂಗ್ ಕಾಯಿಸಲು! ಡ್ರೈವರಿಗೆ ಕಾಣುವುದು ಈ ಕಳೆದ ಮೇಲಿನ ವೋಲ್ಟೇಜ್, ಅದು 3.0 ಮುಟ್ಟಿದ ಕೂಡಲೇ ಕಟ್. ಸೆಲ್ ಪಾಪ ಇನ್ನೂ 3.3ರ ಮೇಲಿತ್ತು. ಕರೆಂಟ್ ಸ್ಪ್ರಿಂಗ್ ಬದಲು ವೈರಿನಲ್ಲೇ ಹೋಗಲಿ ಅಂತ ಎರಡೂ ಸ್ಪ್ರಿಂಗಿಗೆ ಸಿಲಿಕೋನ್ ವೈರ್ ಬೈಪಾಸ್ ಬೆಸೆದೆ. ಟ್ಯೂಬಿನ ತಿರುಪಿನ ಮರೆಗಳನ್ನು (ಥ್ರೆಡ್) ಆಲ್ಕೋಹಾಲಿನಿಂದ ಒರೆಸಿದೆ. ಕಳೆಯುತ್ತಿದ್ದ 350 ಮಿಲಿವೋಲ್ಟ್ 80ಕ್ಕೆ ಇಳಿಯಿತು. 30ಕ್ಯೂ ಈಗ ಹದಿನೆಂಟು ನಿಮಿಷ, ಚಾರ್ಜರ್ ತುಂಬಿದ್ದು 2750. 3400 ಕೂಡ ಸುಧಾರಿಸಿತು, ಹದಿನಾಲ್ಕಕ್ಕೆ ಬಂತು. ಆದರೂ ಹಿಂದೆಯೇ. ಸೋನಿ ವಿಟಿಸಿ6 ಹಾಕಿದರೂ 30ಕ್ಯೂನಷ್ಟೇ ಬರುತ್ತದೆ, ಅದಕ್ಕೆ ಜಾಸ್ತಿ ಕೊಡಬೇಕಿಲ್ಲ.

ಬೈಪಾಸ್ ವೈರು ಬೆಸುಗೆ ಹೀರಿಕೊಂಡು ಗಟ್ಟಿಯಾಗಿ, ಸ್ಪ್ರಿಂಗ್ ಒತ್ತುವುದೇ ನಿಂತುಹೋಗುತ್ತದೆ ಅಂತ ಎಲ್ಲರೂ ಗೊಣಗುತ್ತಾರೆ. ನನ್ನದು ಇವತ್ತಿಗೂ ಮೊದಲಿನ ಹಾಗೇ ಒತ್ತುತ್ತದೆ. ಹೇಗೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಹುಮ್ಮಸ್ಸಿನಲ್ಲಿ ಇದೇ ಮಂತ್ರ ಎಫ್‌ಇಟಿ ಟಾರ್ಚ್‌ಗೂ ಹಾಕೋಣ ಅನ್ನುವವರು ಸ್ವಲ್ಪ ನಿಲ್ಲಿ. ಅಲ್ಲಿ ಕರೆಂಟಿಗೆ ಲಗಾಮು ಅಂತ ಇರುವುದೇ ಸೆಲ್ಲು, ಸ್ಪ್ರಿಂಗು, ವೈರಿನ ರೆಸಿಸ್ಟೆನ್ಸ್. ಅದನ್ನೂ ತೆಗೆದರೆ ಫಾರ್ವರ್ಡ್ ವೋಲ್ಟೇಜ್ (ಉರಿಯಲು ಬೇಕಾದ ವೋಲ್ಟೇಜ್) ಕಡಿಮೆ ಇರುವ ಎಲ್‌ಇಡಿ ಗತಿ ಏನು? ಹಳೇ ಟಾರ್ಚೊಂದನ್ನು ಇದಕ್ಕಾಗಿಯೇ ಬಲಿ ಕೊಟ್ಟು ನೋಡಿದೆ. ಬೆಳಕು ಮೊದಲು ನೀಲಿಗೆ ತಿರುಗಿತು, ಆಮೇಲೆ ಮಂಕಾಯಿತು, ಆಮೇಲೆ ಕತ್ತಲೆ. ಅಂಥದ್ದರಲ್ಲಿ ಸಾಧಾರಣ ಸೆಲ್ಲೇ ವಾಸಿ. ಲೈಫೆಪಿಒ4 (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಹಾಕಿದರೆ ಇನ್ನೂ ತಣ್ಣಗೆ, 3.2 ವೋಲ್ಟ್ ಆಸುಪಾಸಿನಲ್ಲೇ ನಿಂತು ಪಾಪದ ಹಾಗೆ ಉರಿಯುತ್ತದೆ. ಅದನ್ನೇ ನನ್ನ ಬೂಸ್ಟ್ ಟಾರ್ಚ್‌ಗೆ ಹಾಕಿದೆ, ಎರಡೇ ನಿಮಿಷಕ್ಕೆ ಕಟ್.

ಒಮ್ಮೆ 30ಕ್ಯೂ ಅನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಹಾಕಿದೆ. ಶುರುವಿನಲ್ಲಿ ವೋಲ್ಟೇಜ್ 3400 ಸೆಲ್ಲಿನ ಹಾಗೇ ಕುಸಿಯಿತು. ಉರಿದು ಬೆಚ್ಚಗಾದ ಮೇಲೆ ತಾನೇ ಮೇಲೆದ್ದಿತು! ಚಳಿಯಲ್ಲಿ ಟರ್ಬೋ ತಕ್ಷಣ ಇಳಿದರೆ ಸೆಲ್ ಸತ್ತಿದೆ ಅಂತ ಎಸೆಯಬೇಡಿ, ಜೇಬಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಮತ್ತೆ ಹಾಕಿ.

3400 ಸೆಲ್ಲುಗಳನ್ನೇನೂ ಬಿಸಾಕಿಲ್ಲ. ಹಣೆಗೆ ಕಟ್ಟುವ ಲೈಟಿಗೆ ಹಾಕಿದ್ದೇನೆ. ಅದು ಎಳೆಯುವುದು ಮುಕ್ಕಾಲು ಆಂಪ್ ಒಳಗೆ, ಅಲ್ಲಿ 30ಕ್ಯೂಗಿಂತ ಅವೇ ಮುಂದೆ. ಈಗ ಮೇಜಿನ ಮೇಲೆ ಬಂದು ಕೂತಿರುವುದು ಮೋಲಿಸೆಲ್ ಪಿ42ಎ, 21700 ಅಳತೆಯದು, 4200 ಎಂಎಎಚ್, ಡೇಟಾಶೀಟ್‌ನಲ್ಲಿ 45 ಆಂಪ್. ಅದಕ್ಕೆ ಟ್ಯೂಬೇ ಬೇರೆ ಬೇಕು. ಸೆಲ್ಲಿಗಿಂತ ಟ್ಯೂಬಿನ ಬೆಲೆಯೇ ಜಾಸ್ತಿ ಆಗುವ ಹಾಗೆ ಕಾಣುತ್ತಿದೆ.